ಸುಗಲಾದೇವಿಯ ಜಾಡು ಹಿಡಿದು ರೋಹಣದ ಕಾಡಿಗೆ

ಶ್ರೀಲಂಕಾಕ್ಕೆ ಹೋಗುತ್ತೇವೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಕ್ಯಾಂಡಿ, ನುವರ ಎಲಿಯ, ಬೀಚ್ ಎಲ್ಲ ನೋಡ್ಕೊಂಡು ಬರ್ತೀರಾ? ಇಲ್ಲ, ಮೊನರಾಗಲಕ್ಕೆ ಹೋಗ್ತೀವಿ ಅಂದರೆ ಯಾರಿಗೂ ಆ ಊರಿನ ಹೆಸರೇ ಗೊತ್ತಿಲ್ಲ. ದ್ವೀಪದ ಆಗ್ನೇಯ ಮೂಲೆಯ ಒಣನಾಡು ಅದು. ಹಿಂದೆ ರೋಹಣ ಅಂತಿದ್ದರು, ಈಗಲೂ ರುಹುಣ ಅಂತಾರೆ. ಅಲ್ಲಿ 1150ರ ದಶಕದಲ್ಲಿ ಸುಗಲಾ ಎಂಬ ರಾಣಿ, ಇಡೀ ಲಂಕೆಯನ್ನು ಒಂದೇ ಕೊಡೆಯ ಕೆಳಗೆ ತಂದ ದೊರೆ ಪರಾಕ್ರಮಬಾಹುವಿಗೆ ತಲೆಬಾಗದೆ ವರ್ಷಗಟ್ಟಲೆ ಕಾದಾಡಿದಳು. ಅಕ್ಕ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಸುಗಲಾಳ ಕಥೆಯನ್ನು ನನಗೆ ಹಚ್ಚಿದವಳೇ ಅವಳು. ಈ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಹೊರಟೆವು.

ಭಾನುವಾರ, ಪೊಲೊನ್ನರುವದ ದಾರಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚು ಹೊತ್ತು ಬೇಡ. ಬೆಳಿಗ್ಗೆಯೇ ಇಳಿದೆವು. ಮೊದಲೇ ಗೊತ್ತುಮಾಡಿದ್ದ ಕಾರು ಬಂದಿತ್ತು. ಚಾಲಕರು ಐವತ್ತು ದಾಟಿದವರು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ತಮಿಳೂ ಅಲ್ಪಸ್ವಲ್ಪ. ಅಕ್ಕನಿಗೆ ತಮಿಳು ಗೊತ್ತಿದ್ದರಿಂದ ಮಾತು ಬೇಗ ಕೂಡಿತು. ಅಲ್ಲಿನ ರೂಢಿಯಂತೆ ನಾವು ಅವರನ್ನು ಅಯ್ಯಾ ಅಂದೆವು, ಸಿಂಹಳದಲ್ಲಿ ಅಣ್ಣ ಅಂತ. ಅವರು ಅಕ್ಕನನ್ನು ಅಕ್ಕಾ, ನನ್ನನ್ನು ನಂಗಿ, ಅಂದರೆ ತಂಗಿ, ಅಂದರು.

ಕುರುಣೆಗಲ, ದಂಬುಲ್ಲ, ಹಬರಣ. ದಾರಿಯಲ್ಲಿ ಕಿತ್ತಳೆ ಬಣ್ಣದ ತಂಬಿಲಿ ಎಳನೀರು ಕುಡಿದು, ಸಂಜೆ ಹೊತ್ತಿಗೆ ಪರಾಕ್ರಮಬಾಹುವಿನ ರಾಜಧಾನಿಯಾಗಿದ್ದ ಪೊಲೊನ್ನರುವ ಸೇರಿದೆವು. ರೂಮಿಗೆ ಹೋಗುವ ಮೊದಲು ಪರಾಕ್ರಮ ಸಮುದ್ರ ಎಂಬ ಕೆರೆಯ ಏರಿಯ ಮೇಲೆ ಒಂದಷ್ಟು ದೂರ ನಡೆದೆವು. ಕಣ್ಣು ಹಾಯಿಸಿದಷ್ಟೂ ನೀರು. ಸುಮಾರು 14 ಕಿಲೋಮೀಟರ್ ಉದ್ದದ ಏರಿ. ಬಿದ್ದ ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲಿಗೆ ಹೋಗಬಾರದು ಎಂದ ದೊರೆ ಕಟ್ಟಿಸಿದ್ದು. ಅವನು ದೊಡ್ಡವನು ಅನ್ನುವುದರಲ್ಲಿ ಅನುಮಾನವಿಲ್ಲ. ಆ ನೀರಿನಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತಿದೆ. ಅಂಥವನಿಗೆ ಎದುರು ನಿಂತವಳು ಎಂಥವಳಿರಬೇಕು ಅನ್ನುವುದೇ ನಮ್ಮ ತಲೆಯಲ್ಲಿ ಓಡುತ್ತಿತ್ತು.

ಸೋಮವಾರ, ಪೊಲೊನ್ನರುವ

ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ. ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಪೂಜೆಯ ಜಾಗಗಳಲ್ಲಿ ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು, ಹತ್ತು ಗಂಟೆ ಆದರೆ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ.

ಮೊದಲು ಅರಮನೆ. ಏಳು ಅಂತಸ್ತು, ಸಾವಿರ ಕೋಣೆ ಅಂತ ಲಂಕೆಯ ಹಳೆಯ ಇತಿಹಾಸಗ್ರಂಥ ಚೂಳವಂಸ ಹೇಳುತ್ತದೆ. ಈಗ ಉಳಿದಿರುವುದು ಮೂರಾಳೆತ್ತರ ಮೀರಿದ ಇಟ್ಟಿಗೆ ಗೋಡೆಗಳು, ತೊಲೆ ಕೂರಿಸಿದ್ದ ಚೌಕ ಕಂಡಿಗಳು. ಗೋಡೆಯ ದಪ್ಪ ಸುಮಾರು 3 ಮೀಟರ್.

ಅಲ್ಲೇ ನೆರಳಿನಲ್ಲಿ ಕೂತು ಅಕ್ಕ ವಂಶಾವಳಿ ಬಿಡಿಸಿದಳು. ಓದುವವರಿಗೂ ಇದು ಗೊತ್ತಿದ್ದರೆ ಮುಂದಿನದು ಹಿಡಿಸುತ್ತದೆ. ಚೋಳರನ್ನು ಓಡಿಸಿ ಲಂಕೆಯನ್ನು ಮತ್ತೆ ಗೆದ್ದ ಮೊದಲ ವಿಜಯಬಾಹು 1110ರಲ್ಲಿ ತೀರಿಕೊಂಡ. ಅವನ ತಂಗಿ ಮಿತ್ತಾಳ ಮೂವರು ಗಂಡುಮಕ್ಕಳು ನಾಡನ್ನು ಹಂಚಿಕೊಂಡರು. ಒಬ್ಬ ಮಾನಾಭರಣ, ಅವನ ಮಗನೇ ಪರಾಕ್ರಮಬಾಹು. ಇನ್ನೊಬ್ಬ ಸಿರಿವಲ್ಲಭ, ಅವನ ಹೆಂಡತಿ ಸುಗಲಾ. ಮೂರನೆಯವನು ಕಿತ್ತಿಸಿರಿಮೇಘ. ಪರಾಕ್ರಮನ ತಂದೆ ಬೇಗ ತೀರಿಕೊಂಡ. ತಾಯಿ ರತ್ನಾವಳಿ ಎರಡು ಹೆಣ್ಣುಮಕ್ಕಳು, ಒಬ್ಬ ಗಂಡುಮಗನನ್ನು ಕಟ್ಟಿಕೊಂಡು ರೋಹಣಕ್ಕೆ ಬಂದಳು. ಅಲ್ಲಿ ಸಿರಿವಲ್ಲಭ, ರತ್ನಾವಳಿಗೆ ಇಷ್ಟವಿಲ್ಲದಿದ್ದರೂ, ಅವಳ ಹಿರಿಮಗಳು ಮಿತ್ತಾಳನ್ನು ತನ್ನ ಮಗನಿಗೆ ಮದುವೆ ಮಾಡಿಸಿದ. ಈ ಮಗನ ಹೆಸರೂ ಮಾನಾಭರಣ. ಸುಗಲಾಳ ಮಗ.

"ಅಂದ್ರೆ ಪರಾಕ್ರಮನ ಅಕ್ಕ ಸುಗಲಾಳ ಸೊಸೆ, ಅಲ್ವಾ?" ಅಂದೆ.

"ಹೂಂ. ಚಿಕ್ಕ ಹುಡುಗನಾಗಿದ್ದಾಗ ಅವನು ಕಣ್ಣಾರೆ ಕಂಡು ಬೆಳೆದ ಚಿಕ್ಕಮ್ಮ ಅವಳು. ಆಮೇಲೆ ಅವಳ ಮೇಲೇ ದಂಡು ಕಳಿಸಿದ" ಅಂದಳು ಅಕ್ಕ.

ಪರಾಕ್ರಮ ದೊಡ್ಡವನಾದ ಮೇಲೆ ಪೊಲೊನ್ನರುವದ ದೊರೆ ಗಜಬಾಹುವಿನ ಜೊತೆ, ಆಮೇಲೆ ರೋಹಣದ ಈ ಮಾನಾಭರಣನ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿದ. ಊರು ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ. ಕೊನೆಗೆ ಸೋತ ಮಾನಾಭರಣ ರೋಹಣದಲ್ಲಿ ಹಾಸಿಗೆ ಹಿಡಿದ. ಸಾಯುವಾಗ ಮಗನನ್ನು ಕರೆದು, ನನ್ನ ಹಾಗೆ ಹಾಳಾಗಬೇಡ, ಪರಾಕ್ರಮನ ಬಳಿ ಹೋಗಿ ಅವನು ಹೇಳಿದಂತೆ ಬಾಳು ಎಂದನಂತೆ. 1153ರಲ್ಲಿ ಪರಾಕ್ರಮ ಲಂಕೆಯ ಒಡೆಯನಾದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಗ ಸಾಯುವಾಗ ಹೇಳಿದ್ದನ್ನು ತಾಯಿ ಸುಗಲಾ ಒಪ್ಪಲಿಲ್ಲ.

ಸುಗಲಾ ಬರೀ ಹಟ ಹಿಡಿದು ಕೂತವಳಲ್ಲ ಅನ್ನುವುದು ಅರಮನೆಯಿಂದ ಉತ್ತರಕ್ಕಿರುವ ಚೌಕದಲ್ಲಿ ನಿಂತರೆ ಅರ್ಥವಾಗುತ್ತದೆ. ಅಲ್ಲಿ ವಿಜಯಬಾಹು ಕಟ್ಟಿಸಿದ ಅಟದಾಗೆ ಇದೆ, ಬುದ್ಧನ ಹಲ್ಲು ಇಟ್ಟಿದ್ದ ಗುಡಿ. ಚಾವಣಿ ಬಿದ್ದುಹೋಗಿ ಕಲ್ಲಿನ ಕಂಬಗಳಷ್ಟೇ ನಿಂತಿವೆ. ಲಂಕೆಯಲ್ಲಿ ದಂತಧಾತು, ಅಂದರೆ ಆ ಹಲ್ಲು, ಮತ್ತು ಬುದ್ಧನ ಭಿಕ್ಷಾಪಾತ್ರೆ ಎರಡೂ ಯಾರ ಬಳಿ ಇರುತ್ತವೋ ಅವರೇ ನಿಜವಾದ ರಾಜ ಅನ್ನುವ ನಂಬಿಕೆ. ಆ ಎರಡೂ ಯುದ್ಧದ ಗಲಾಟೆಯಲ್ಲಿ ರೋಹಣಕ್ಕೆ ಹೋಗಿದ್ದವು. ಮಾನಾಭರಣ ಸತ್ತ ಮೇಲೆ ಸುಗಲಾಳ ಕೈಯಲ್ಲಿದ್ದವು. ಇಷ್ಟು ದೊಡ್ಡ ಅರಮನೆ, ಇಷ್ಟು ದೊಡ್ಡ ಕೆರೆ, ತಲೆ ಮೇಲೆ ಕಿರೀಟ ಎಲ್ಲ ಇದ್ದೂ ಪರಾಕ್ರಮನ ಪಟ್ಟ ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಕಾಡಿನಲ್ಲಿ ಒಬ್ಬ ವಿಧವೆ ರಾಣಿಯ ಬಳಿ ಇತ್ತು. ನನ್ನ ಪ್ರಕಾರ ಅವಳಿಗೆ ರಾಜಕೀಯ ಚೆನ್ನಾಗಿ ಗೊತ್ತಿತ್ತು.

ಅದೇ ಚೌಕದಲ್ಲಿ ವೇಳೈಕ್ಕಾರರ ತಮಿಳು ಶಾಸನದ ಕಲ್ಲು ಇದೆ. ಹಲ್ಲಿನ ಗುಡಿಯನ್ನು ಕಾಯುತ್ತೇವೆ ಎಂದು ಆ ಕೂಲಿ ಸೈನಿಕರು ಮಾತು ಕೊಟ್ಟ ಶಾಸನ. ಅದರಲ್ಲಿ ಬರುವ ವಳಂಜಿಯರ್ ವ್ಯಾಪಾರಿಗಳು ನಮ್ಮ ಬಾಗಲಕೋಟೆಯ ಐಹೊಳೆ ಐನೂರ್ವರ ಬಳಗದವರು. ಅದಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ವಿಜಯಬಾಹು ಕನ್ನಡದ ದೊರೆಗೆ, ಅಂದರೆ ಕಲ್ಯಾಣದ ಆರನೇ ವಿಕ್ರಮಾದಿತ್ಯನಿಗೆ, ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ್ದ. ದಾರಿಯಲ್ಲಿ ಚೋಳರು ಅವರ ಮೂಗು, ಕಿವಿ ಕೊಯ್ದು ಕಳಿಸಿದರು. ವಿಜಯಬಾಹು ಸಿಟ್ಟಿಗೆದ್ದು ಚೋಳರ ಮೇಲೆ ದಂಡೆತ್ತಲು ಹೊರಟಾಗ ಅವನ ವೇಳೈಕ್ಕಾರರೇ ತಿರುಗಿಬಿದ್ದು ಅರಮನೆಗೆ ಬೆಂಕಿ ಇಟ್ಟರು. ಬಸವಕಲ್ಯಾಣಕ್ಕೆ ಹೊರಟ ಒಂದು ಓಲೆಯಿಂದ ಇಲ್ಲಿ ಅಷ್ಟೆಲ್ಲ ಆಯಿತು.

ಗಲ್ ವಿಹಾರ, ಲಂಕಾತಿಲಕ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ರಾತ್ರಿ ಅಕ್ಕ ಚೂಳವಂಸದ ಅನುವಾದ ತೆಗೆದು ಸುಗಲಾ ಬರುವ ಭಾಗ ಓದಿ ಹೇಳಿದಳು. ಅದು ಭಿಕ್ಷುಗಳು ಪಾಳಿ ಭಾಷೆಯಲ್ಲಿ ಬರೆದ ಇತಿಹಾಸ. ಪರಾಕ್ರಮನೊಬ್ಬನಿಗೇ ಸುಮಾರು 18 ಅಧ್ಯಾಯ. ಅದರಲ್ಲಿ ಸುಗಲಾ ಬುದ್ಧಿ ಇಲ್ಲದವಳು, ಹುಟ್ಟಾ ಕೆಟ್ಟವಳು, ಕೆಟ್ಟವರ ಮಾತು ಕೇಳಿ ದಂಗೆ ಎದ್ದವಳು. ಅವಳ ಕಡೆಯವರು ಬರೆದದ್ದು ಒಂದು ಸಾಲೂ ಕಾಣಸಿಗುವುದಿಲ್ಲ. ಗೆದ್ದವನ ಆಶ್ರಿತರು ಬರೆದದ್ದನ್ನೇ ಇಟ್ಟುಕೊಂಡು ಸೋತವಳನ್ನು ಹುಡುಕಬೇಕು. ಆದರೆ ಅದೇ ಪುಸ್ತಕ, ಅವಳನ್ನು ಬೈಯುತ್ತಲೇ, ಅವಳನ್ನು ಹಿಡಿಯಲು ಎಷ್ಟು ಕಷ್ಟವಾಯಿತು ಅನ್ನುವುದನ್ನು ಪುಟಗಟ್ಟಲೆ ಹೇಳಿಬಿಡುತ್ತದೆ. ಬುದ್ಧಿ ಇಲ್ಲದವಳ ಮೇಲೆ ಒಬ್ಬರ ಹಿಂದೊಬ್ಬರು ಸೇನಾಪತಿಗಳನ್ನು ಯಾರಾದರೂ ಕಳಿಸುತ್ತಾರಾ?

ಮಂಗಳವಾರ, ಮಹಾವೇಲಿ ದಾಟಿ

ಮನಂಪಿಟಿಯದಲ್ಲಿ ಮಹಾವೇಲಿ ನದಿ ದಾಟಿದೆವು. ಹಳೆಯ ಕಾಲದಲ್ಲಿ ಈ ನದಿಯೇ ಪೊಲೊನ್ನರುವ ಇರುವ ರಾಜರಟ್ಟಕ್ಕೂ ರೋಹಣಕ್ಕೂ ಗಡಿ. ಮಹಿಯಂಗಣದಲ್ಲಿ ಸ್ತೂಪಕ್ಕೆ ಕೈಮುಗಿದು ಊಟ ಮಾಡಿದೆವು. ಬಿಬಿಲೆ ಹತ್ತಿರ ರಸ್ತೆ ಬದಿಯಲ್ಲಿ ಅಲ್ಲಿನ ಹೆಸರುವಾಸಿ ಕಿತ್ತಳೆ. ಹೊರಗೆ ಹಸಿರು ಸಿಪ್ಪೆ, ಒಳಗೆ ಸಿಹಿ.

ಮಹಿಯಂಗಣ ಬಿಟ್ಟ ಮೇಲೆ ನೆಲದ ಸ್ವರೂಪವೇ ಬೇರೆ. ಸಾಲು ಸಾಲು ಗುಡ್ಡ, ನಡುವೆ ಕುರುಚಲು ಕಾಡು, ಬೇಸಿಗೆಗೆ ಬತ್ತಿದ ಹಳ್ಳಗಳು. ಕಾಡು ಕಡಿದು ಬೇಸಾಯ ಮಾಡಿದ ತುಂಡು ಹೊಲಗಳು, ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆಗಳು. ಕಾರಿನ ಕಿಟಕಿಯಿಂದ ನೋಡುತ್ತಾ ಹೋದಂತೆ ಚೂಳವಂಸದ ಯುದ್ಧವರ್ಣನೆ ತಾನಾಗಿ ಬಿಡಿಸಿಕೊಂಡಿತು. ರಾಜನ ಸೇನೆ ಬರುವ ದಾರಿಗೆ ಸುಗಲಾಳ ಜನ ಮರ ಕಡಿದು ಉರುಳಿಸುತ್ತಿದ್ದರು. ಮುಳ್ಳುಬೇಲಿ ಹಾಕುತ್ತಿದ್ದರು, ಗುಂಡಿ ತೋಡುತ್ತಿದ್ದರು. ಒಂದು ಕೋಟೆ ಬಿದ್ದರೆ ಅದರ ಹಿಂದೆ ಇನ್ನೊಂದು. ಸೋತರೆ ಕಾಡಿಗೆ ಸರಿದು ಮತ್ತೆ ಕೂಡಿಕೊಳ್ಳುತ್ತಿದ್ದರು. ಪಟ್ಟಣದಲ್ಲಿ ಕೂತವನಿಗೆ ಇದು ದಂಗೆ. ಇಲ್ಲಿನವರಿಗೆ ತಮ್ಮ ಊರು, ತಮ್ಮ ಕಾಡು. ರೋಹಣ ಯಾವತ್ತೂ ಪೊಲೊನ್ನರುವದ ಮಾತಿಗೆ ಸುಲಭವಾಗಿ ಮಣಿದದ್ದೇ ಇಲ್ಲ. ಚೋಳರ ಕಾಲದಲ್ಲಿ ವಿಜಯಬಾಹು ಬಲ ಕೂಡಿಸಿದ್ದೂ ಈ ನಾಡಿನಲ್ಲೇ.

ಮೊನರಾಗಲ ಸೇರಿದಾಗ ಮರಗಲ ಬೆಟ್ಟದ ಮೇಲೆ ಮೋಡ ಇಳಿದಿತ್ತು. ಉಳಿದುಕೊಂಡದ್ದು ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ, ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ರಾತ್ರಿ ಊಟಕ್ಕೆ ಕುರಕ್ಕನ್ ರೊಟ್ಟಿ ಮಾಡಿಕೊಟ್ಟರು. ಕುರಕ್ಕನ್ ಅಂದರೆ ನಮ್ಮ ರಾಗಿ. ತೆಂಗಿನ ತುರಿ ಸೇರಿಸಿ ತಟ್ಟಿದ್ದು, ಜೊತೆಗೆ ಕೆಂಪು ಮೆಣಸಿನ ಪೊಲ್ ಸಂಬೋಲ. ನಾವು ಒಂದಾದ ಮೇಲೊಂದು ಹಾಕಿಸಿಕೊಂಡು ತಿನ್ನುವುದು ನೋಡಿ ಅವರಿಗೆ ಖುಷಿ. "ಭಾರತದವರು ಅಕ್ಕಿ ಕೇಳ್ತಾರೆ ಅಂದ್ಕೊಂಡಿದ್ದೆ" ಅಂದರು. ಅಯ್ಯಾ ಅದನ್ನು ನಮಗೆ ತಮಿಳಿನಲ್ಲಿ ಹೇಳಿದರು. ಯಾಕೆ ಬಂದಿರಿ ಅಂತ ಆ ಹೆಂಗಸು ಕೇಳಿದರು. ಸುಗಲಾದೇವಿಗಾಗಿ ಅಂದಾಗ ಒಂದು ಗಳಿಗೆ ನಮ್ಮ ಮುಖ ನೋಡಿ, ಒಳಗಿನಿಂದ ಮಗಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಊಟದ ಬಟ್ಟಲು ಎತ್ತಿದ್ದು ಬಹಳ ಹೊತ್ತಾದ ಮೇಲೆ.

ಬುಧವಾರ, ಗಲಬೆಡ್ಡ

ಮೊನರಾಗಲದ ಹತ್ತಿರವೇ ಗಲಬೆಡ್ಡ. ಸುಗಲಾಳ ಕೊನೆಯ ನೆಲೆ ಉದುಂದೊರ ಇದೇ ಎಂದು ಗುರುತಿಸಿದ್ದಾರೆ. ಪಾಳಿಯಲ್ಲಿ ಉದ್ಧನದ್ವಾರ. ದೊಡ್ಡ ಗೇಟು, ಪ್ರವಾಸಿ ಬಸ್ಸುಗಳು ಏನೂ ಇಲ್ಲ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ.

ನೋಡಬೇಕಾದದ್ದು ರಾಣಿಯ ಕೊಳ. ನೆಲದ ಮಟ್ಟದಿಂದ ಕೆಳಗೆ ಇಳಿದು ಕಟ್ಟಿದ ಕಲ್ಲಿನ ಕೊಳ ಅದು. ಇಳಿಯಲು ಮೆಟ್ಟಿಲು. ನಾನು ಕೆಳಗಿಳಿದು ಗೋಡೆಗೆ ಕೈ ಇಟ್ಟೆ. ಕಲ್ಲಿನ ಚಪ್ಪಡಿಗಳನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದಾರೆ ಅಂದರೆ ಬಹಳ ಕಡೆ ಸಂದಿನಲ್ಲಿ ಉಗುರೂ ಹೋಗುವುದಿಲ್ಲ. ಅಂಚುಗಳನ್ನು ಉಜ್ಜಿ ನಯ ಮಾಡಿದ್ದಾರೆ. ಮೆಟ್ಟಿಲಿನ ನಡುಭಾಗ ಸವೆದು ಸ್ವಲ್ಪ ತಗ್ಗಾಗಿದೆ. ಒಂದು ಮೂಲೆಯಲ್ಲಿ ಪಾಚಿ, ಇನ್ನೊಂದು ಕಡೆ ಕಲ್ಲಿನ ನಡುವೆ ಬೇರುಬಿಟ್ಟ ಆಲದ ಸಸಿ. ಕಾಡಿನಲ್ಲಿ ಅವಿತುಕೊಂಡ ದಂಗೆಕೋರರು ಇಂಥ ಕೊಳ ಕಟ್ಟುವುದಿಲ್ಲ. ಇಲ್ಲಿ ಒಂದು ಸಂಸ್ಥಾನವೇ ಇತ್ತು. ಕಲ್ಲುಕುಟಿಗರಿದ್ದರು, ನೀರು ತಿರುಗಿಸುವುದು ಬಲ್ಲವರಿದ್ದರು, ಅರಮನೆಯ ದಿನಚರಿ ನಡೆಯುತ್ತಿತ್ತು. ಚೂಳವಂಸ ಬರೆದವರು ಇದನ್ನು ಒಂದು ಮಾತಿನಲ್ಲೂ ಹೇಳುವುದಿಲ್ಲ.

ಸುತ್ತ ಕಂದಕ, ಮಣ್ಣಿನ ಕೋಟೆಗೋಡೆಯ ಗುರುತುಗಳಿವೆ. ಗಿಡಗಂಟಿ ಬೆಳೆದು ಮುಚ್ಚಿಕೊಂಡಿದೆ, ಏರು ಕಂಡಾಗ ಇದು ಗೋಡೆ ಅಂತ ತಿಳಿಯಬೇಕು ಅಷ್ಟೇ. ಅಕ್ಕ ಆ ಏರಿನ ಮೇಲೆ ಹತ್ತಿ ನಿಂತು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೊನೆಯ ಯುದ್ಧದ ಕಥೆ ಹೇಳಿದಳು.

ರಾಜ ಮೊದಲು ರಕ್ಖನೆಂಬ ಸೇನಾಪತಿಯನ್ನು ಕಳಿಸಿದ್ದ. ಆಮೇಲೆ ಭೂತ, ಮಂಜು ಮುಂತಾದ ಸೇನಾಪತಿಗಳೂ ಬಂದರು. ಪಡೆಗಳು ಬೇರೆ ಬೇರೆ ದಿಕ್ಕಿನಿಂದ ನುಗ್ಗಿದವು. ದಂತಧಾತು ಎಲ್ಲಿ ಕಡಲಾಚೆ ಹೋಗಿಬಿಡುತ್ತದೋ ಅನ್ನುವ ಆತಂಕ ರಾಜನಿಗೆ. ಹಾಗಾದರೆ ಲಂಕೆಯೇ ಹಾಳುಬಿದ್ದಂತೆ ಎಂದು ಸೇನಾಪತಿಗಳಿಗೆ ಹೇಳಿಕಳಿಸಿದ. ಸುಗಲಾ ಹಲ್ಲನ್ನೂ ಪಾತ್ರೆಯನ್ನೂ ತೆಗೆದುಕೊಂಡು ಉದುಂದೊರಕ್ಕೆ ಬಂದಳು. ಇಲ್ಲಿ ಘೋರ ಕಾಳಗ ಆಯಿತು. ಕೊನೆಗೆ ಎರಡೂ ರಾಜನ ಸೇನೆಯ ಕೈಸೇರಿದವು. ಅವುಗಳನ್ನು ಮೆರವಣಿಗೆಯಲ್ಲಿ ಪೊಲೊನ್ನರುವಕ್ಕೆ ಒಯ್ದರು. ರಾಜನಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಸುಗಲಾ ಶರಣಾಗಲಿಲ್ಲ. ಕಾಳಗ ಮುಂದುವರಿಯಿತು.

ನನಗೆ ಅವಳ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಗೌರವ ಬಂದದ್ದು ಇಲ್ಲಿ. ಹಲ್ಲು ಕೈಯಲ್ಲಿದ್ದಷ್ಟು ದಿನ ಹೋರಾಡಿದ್ದು ಅಧಿಕಾರಕ್ಕೆ ಅಂತ ಯಾರಾದರೂ ಹೇಳಬಹುದು. ಅದು ಹೋದ ಮೇಲೂ ಅವಳೂ ಅವಳ ಜನವೂ ಕತ್ತಿ ಕೆಳಗಿಡಲಿಲ್ಲವಲ್ಲ, ಅದಕ್ಕೆ ಏನು ಹೇಳೋದು? ಕೊನೆಗೆ ಅವಳನ್ನು ಜೀವಂತ ಹಿಡಿದರು. ಆಮೇಲೆ ರೋಹಣದಲ್ಲಿ ನಡೆದದ್ದನ್ನು ಓದಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹಳ್ಳಿಗಳಲ್ಲಿ, ಸಂತೆಗಳಲ್ಲಿ ಜನರನ್ನು ಶೂಲಕ್ಕೇರಿಸಿದರು, ನೇಣು ಹಾಕಿದರು, ಸುಟ್ಟರು. ಇದನ್ನು ಬರೆದವರು ರಾಜನನ್ನು ಹೊಗಳುವವರೇ. ಹೊಗಳುವಾಗಲೇ ಬರೆದಿದ್ದಾರೆ. ಅಷ್ಟಾದರೂ, ಪರಾಕ್ರಮ ಪಟ್ಟಕ್ಕೆ ಬಂದ ಎಂಟನೇ ವರ್ಷದಲ್ಲಿ ರೋಹಣ ಮತ್ತೆ ದಂಗೆ ಎದ್ದಿತು.

ಮಧ್ಯಾಹ್ನ ಅಲ್ಲೇ ಹತ್ತಿರದ ಗೂಡಂಗಡಿಯಲ್ಲಿ ಬೇಲದ ಹಣ್ಣಿನ ಪಾನಕ ಕುಡಿದೆವು. ಬೆಲ್ಲ ಹಾಕಿ ಗಟ್ಟಿಯಾಗಿ ಕಲಸಿದ್ದು. ಬಿಸಿಲಿಗೆ ತಂಪಾಯಿತು.

ಗುರುವಾರ, ಬುತ್ತಲ ಮತ್ತು ಮಾಳಿಗಾವಿಲ

ಬುತ್ತಲ ಹತ್ತಿರ ಯುದಗನಾವ ಎಂಬಲ್ಲಿ ಸ್ತೂಪದ ಬುಡ ಮಾತ್ರ ಉಳಿದಿದೆ. ಸುತ್ತಳತೆ ಸಾವಿರ ಅಡಿಗೂ ಮೇಲೆ. ಮೇಲಿನ ಗುಮ್ಮಟ ಇಲ್ಲದೆ, ಇಟ್ಟಿಗೆಯ ಚಪ್ಪಟೆ ದಿಬ್ಬದಂತೆ ಕಾಣುತ್ತದೆ. ದುಟುಗೆಮುನು, ಸದ್ಧಾತಿಸ್ಸ ಎಂಬ ಅಣ್ಣ ತಮ್ಮ ರಾಜ್ಯಕ್ಕಾಗಿ ಕಾದಾಡಿದ್ದು ಇಲ್ಲೇ ಅಂತ ಊರಿನವರು ಹೇಳುತ್ತಾರೆ. ಪರಾಕ್ರಮ ತನ್ನ ತಾಯಿ ರತ್ನಾವಳಿಯನ್ನು ದಹನ ಮಾಡಿದ ಜಾಗದಲ್ಲಿ ಕಟ್ಟಿಸಿದ ಸ್ತೂಪ ಇದೇ ಅಂತ ಹೇಳುವ ವಿದ್ವಾಂಸರೂ ಇದ್ದಾರೆ. ಆ ತಾಯಿ ತೀರಿಕೊಂಡದ್ದು ಈ ರೋಹಣದಲ್ಲೇ. ಅವಳ ಒಬ್ಬ ಮಗ ಲಂಕೆಯ ದೊರೆ, ಅಳಿಯ ಅವನ ವೈರಿ. ಎರಡೂ ಕಡೆಯ ಸುದ್ದಿ ಕೇಳುತ್ತಾ ಬದುಕಿದ ರತ್ನಾವಳಿಯ ಬಗ್ಗೆ ಬರೆಯುವವರು ಯಾರಾದರೂ ಬೇಕು.

ಮಾಳಿಗಾವಿಲಕ್ಕೆ ಹೋಗುವ ದಾರಿಯಲ್ಲಿ ಒಕ್ಕಂಪಿಟಿಯ ಬರುತ್ತದೆ, ರತ್ನದ ಗಣಿಗಳ ಊರು. ಮಾಳಿಗಾವಿಲದಲ್ಲಿ ಕಾಡಿನ ನಡುವೆ ಸುಣ್ಣದ ಕಲ್ಲಿನ ನಿಂತ ಬುದ್ಧ, ಸುಮಾರು 11 ಮೀಟರ್ ಎತ್ತರ. 7ನೇ ಶತಮಾನದ್ದು ಅನ್ನುತ್ತಾರೆ. ಬಹಳ ಕಾಲ ಬಿದ್ದುಕೊಂಡಿತ್ತು, 1991ರಲ್ಲಿ ಎತ್ತಿ ನಿಲ್ಲಿಸಿದರು. ಹತ್ತಿರದ ದಂಬೆಗೊಡದಲ್ಲಿ ತುಂಡು ತುಂಡಾಗಿದ್ದ ಬೋಧಿಸತ್ವನನ್ನೂ ಜೋಡಿಸಿ ನಿಲ್ಲಿಸಿದ್ದಾರೆ. ಸುಗಲಾಳ ಕಾಲಕ್ಕೇ ಈ ಮೂರ್ತಿಗಳಿಗೆ ನಾಲ್ಕೈದು ಶತಮಾನ ಆಗಿತ್ತು. ರೋಹಣ ಅಂದರೆ ಕಾಡುಜನರ ಮೂಲೆ ಅಂದುಕೊಂಡವರು ಇಲ್ಲಿಗೆ ಒಮ್ಮೆ ಬರಬೇಕು.

ಶುಕ್ರವಾರ, ಬುದುರುವಗಲ

ವೆಲ್ಲವಾಯ ದಾಟಿ ಬುದುರುವಗಲ. ಒಂದೇ ಬಂಡೆಯಲ್ಲಿ ಏಳು ಮೂರ್ತಿ, ನಡುವಿನ ಬುದ್ಧ 51 ಅಡಿ. ಬೌದ್ಧರ ದೇವಿ ತಾರೆಯ ಮೂರ್ತಿಯೂ ಇದೆ. ಚೆನ್ನಾಗಿದೆ, ತಪ್ಪಿಸಿಕೊಳ್ಳಬೇಡಿ. ಅಲ್ಲಿಂದ ಹಂಬನತೋಟ ಕಡೆಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ರಾತ್ರಿ ಕೊಲಂಬೊ.

ಶನಿವಾರ, ಕೊಲಂಬೊ

ಸಂಜೆ ವಿಮಾನ. ಬೆಳಿಗ್ಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಕ್ಕ ಸೀದಾ ನಾಣ್ಯಗಳ ಕಡೆ ನಡೆದಳು. ಪೊಲೊನ್ನರುವ ಕಾಲದ ತಾಮ್ರದ ಕಾಸುಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಒಂದು ಬದಿ ನಿಂತ ರಾಜ, ಇನ್ನೊಂದು ಬದಿ ಕೂತ ಆಕೃತಿ, ಪಕ್ಕದಲ್ಲಿ ನಾಗರಿ ಅಕ್ಷರ. ಎಲ್ಲ ರಾಜರದ್ದೂ ಒಂದೇ ಅಚ್ಚಿನ ಹಾಗೆ, ಹೆಸರು ಮಾತ್ರ ಬೇರೆ. ಅವುಗಳ ನಡುವೆ ಒಂದರಲ್ಲಿ ಶ್ರೀ ರಾಜ ಲೀಲಾವತಿ ಅಂತಿದೆ. ಹಿಂದಿ ಓದಲು ಬರುವವರು ಯಾರಾದರೂ ಓದಬಹುದು.

ಲೀಲಾವತಿ ಸುಗಲಾಳ ಮಗಳು. ಪರಾಕ್ರಮಬಾಹುವಿನ ಪಟ್ಟದ ರಾಣಿಯಾಗಿದ್ದವಳು ಇವಳೇ. ತಾಯಿಯನ್ನು ಸೆರೆಹಿಡಿಸಿದ ಗಂಡ 1186ರಲ್ಲಿ ಸತ್ತ ಮೇಲೆ ಪೊಲೊನ್ನರುವದಲ್ಲಿ ರಾಜರು ಒಬ್ಬರ ಮೇಲೊಬ್ಬರು ಬಂದು ಹೋದರು. ಆ ಗೊಂದಲದಲ್ಲಿ ಲೀಲಾವತಿ ಮೂರು ಸಲ ಸಿಂಹಾಸನ ಏರಿದಳು: 1197ರಿಂದ 1200, ಆಮೇಲೆ 1209ರಲ್ಲಿ, ಮತ್ತೆ 1211ರಲ್ಲಿ. ಪ್ರತಿ ಸಲವೂ ಬೆನ್ನಿಗೆ ಸೇನಾಪತಿಗಳಿದ್ದರು, ಪ್ರತಿ ಸಲವೂ ಇನ್ನೊಬ್ಬರು ಬಂದು ಇಳಿಸಿದರು. ಕೊನೆಗೆ 1212ರಲ್ಲಿ ಪಾಂಡ್ಯರ ಕಡೆಯ ಪರಾಕ್ರಮ ಪಾಂಡ್ಯ ಬಂದು ಇಳಿಸಿದ. ಅವನನ್ನು 1215ರಲ್ಲಿ ಕಳಿಂಗದ ಮಾಘ ಸೋಲಿಸಿದ. ಪೊಲೊನ್ನರುವದ ವೈಭವ ಅಲ್ಲಿಂದಾಚೆಗೆ ಮತ್ತೆ ಏಳಲಿಲ್ಲ.

"ಸುಗಲಾಳ ಹೆಸರಿನ ಕಾಸು ಇಲ್ವಾ?" ಅಂತ ಅಯ್ಯಾ ಕೇಳಿದರು. ಅವರೂ ನಮ್ಮ ಜೊತೆ ಒಳಗೆ ಬಂದಿದ್ದರು.

"ಕಾಣ್ತಾ ಇಲ್ಲ ಅಯ್ಯಾ, ಮಗಳದ್ದಿದೆ" ಅಂದಳು ಅಕ್ಕ.

ಅಯ್ಯಾ ಗಾಜಿಗೆ ಮುಖ ಹತ್ತಿರ ತಂದು ಆ ಅಕ್ಷರಗಳನ್ನು ಒಂದೊಂದಾಗಿ ಓದಿಸಿಕೊಂಡರು. ತಮ್ಮ ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, ಅವಳಿಗೆ ಹೇಳಬೇಕು ಎಂದು ಫೋನಿನಲ್ಲಿ ಸಿಂಹಳದಲ್ಲಿ ಬರೆದುಕೊಂಡರು. ಗಲಬೆಡ್ಡಕ್ಕೆ ಹೋಗುವವರು ಮೊನರಾಗಲದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಕೊಳದ ಮೆಟ್ಟಿಲು ಜಾರುವುದಿಲ್ಲ.